ಬೆಳ್ಳಿ ಗಂಗಾಳದ ರೊಟ್ಟಿ

ಗುರುಸಿದ್ದವ್ವ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಶಂಕ್ರೆವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಬೆಳ್ಳಿ ಗಂಗಾಳ ತೊಳದಿಡವಾ. ಹಣಮಂತನ ಹೇಣ್ತಿ ಬರ್ತಾಳ."

ಸೊಸೆಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿದ ವಾಸನೆ ಮನೆ ತುಂಬಿತು.

ತಿಕೋಟಾದ ಆ ಗೌಡರ ಮನೆಯಲ್ಲಿ ಬೆಳ್ಳಿ ಗಂಗಾಳ ಹೊರಬರುತ್ತಿದ್ದುದು ಹಬ್ಬಕ್ಕಲ್ಲ. ಮನೆಯ ಗಂಡಸರ ಕೈಯಿಂದ ಹೆಣ ಬಿದ್ದಾಗ, ಎಂದೂ ಹೊಸ್ತಿಲು ದಾಟದ ಆಳನ್ನು ಅದೊಂದು ದಿನ ಪಡಸಾಲೆಗೆ ಕರೆದು, ಕಂಬಳಿ ಹಾಸಿ ಕೂರಿಸಿ, ಅದರಲ್ಲಿ ರೊಟ್ಟಿ ತುಪ್ಪ ಬಡಿಸುತ್ತಿದ್ದರು. ಉಂಡವನು ಕೊಲೆ ತನ್ನದೆಂದು ಒಪ್ಪಿಕೊಳ್ಳಬೇಕು. 'ಮನಿ ಹೊರೂದು' ಎಂದು ಅದಕ್ಕೊಂದು ಹೆಸರಿತ್ತು. ಹಿಂದೊಬ್ಬ ಹಾಗೆ ಉಂಡು ಅಂಡಮಾನಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಊರು ಅದನ್ನು ನಿಯತ್ತು ಎಂದು ಹೊಗಳುತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ವರ್ಷದ ಸುಗ್ಗಿ. ರಾಶಿಪೂಜೆಗೆಂದು ಕಣಕ್ಕೆ ಹೋಗಿದ್ದ ಗುರುಸಿದ್ದವ್ವ ಕಣ್ಣಾರೆ ಕಂಡಿದ್ದಳು. ಗೇಣಿಗೆ ಉಳುತ್ತಿದ್ದ ಗೌಡರ ಹೊಲ ಬಿಡುವುದಿಲ್ಲ ಎಂದ ಲಾವಣಿಯ ರೈತ ಯಲಗೂರಪ್ಪನ ಮೇಲೆ ಅವಳ ಗಂಡ ಬಸಗೊಂಡಪ್ಪ ಕೊಡಲಿ ಎತ್ತಿದ. ಮೊದಲ ಏಟಿಗೆ ಭುಜ ಜೋತಿತು. ಮುಂದಿನದಕ್ಕೆ ಆತ ಜೋಳದ ರಾಶಿಯ ಮೇಲೆ ಬೋರಲು ಬಿದ್ದ. ಬಿದ್ದ ಮೇಲೂ ಕೊಡಲಿ ನಿಲ್ಲಲಿಲ್ಲ. ಬಿಳಿ ಜೋಳ ಕೆಂಪಾಗಿ ಕಾಳಿಗೆ ಕಾಳು ಅಂಟಿತು. ಅದೇ ಜೋಳವನ್ನು ತೊಳೆದು ಒಣಗಿಸಿ ನೆಲದಡಿಯ ಹಗೆವಿಗೆ ತುಂಬಿದರು.

ಅಂದು ಸಂಜೆ ಅತ್ತೆ ಹೇಳಿದಳೆಂದು ಮೆತ್ತನೆಯ ರೊಟ್ಟಿ ಮಾಡಿಕೊಟ್ಟವಳು ಅವಳೇ. ಯಾಕೆಂದು ಅವಳಿಗೆ ಆಗ ಗೊತ್ತಿರಲಿಲ್ಲ. ಉಣ್ಣಲು ಕೂತ ಆಳು ಹಣಮಂತನಿಗೆ ಗೊತ್ತಿತ್ತು. ಮಾವ ಶಿವಯೋಗೆಪ್ಪಗೌಡ, 'ವಕೀಲ ನಮ್ಮವನೇ, ಜೀವಕ್ಕೆ ಭಯವಿಲ್ಲ' ಎಂದು ಮಾತು ಕೊಟ್ಟಿದ್ದ. ತುತ್ತು ಮುರಿದ ಹಣಮಂತ ಅವಳ ಕಡೆ ನೋಡಿ ನಕ್ಕಿದ್ದ. "ಸಣ್ಣವ್ವಾರ, ನಿಮ್ಮ ಕೈಯಾಗಿನ ರೊಟ್ಟಿ ಇಷ್ಟ ಮೆತ್ತಗ ಇರ್ತೈತಿ ಅಂತ ಗೊತ್ತಿದ್ದಿದ್ದಿಲ್ರಿ."

ಖಟ್ಲೆ ಇಬ್ಬರ ಮೇಲೂ ನಡೆಯಿತು. ಪುಣೆಯಿಂದ ಬಂದ ದೊಡ್ಡ ವಕೀಲ ಬಸಗೊಂಡಪ್ಪನ ಪರವಾಗಿ ಮಾತ್ರ ಬಾಯಿ ತೆರೆದ. ಕೊಲೆಯ ದಿನ ಬಸಗೊಂಡಪ್ಪ ಬಬಲೇಶ್ವರದ ಅತ್ತೆಮನೆಯಲ್ಲಿದ್ದನೆಂದು ಸಾಕ್ಷಿಗಳೂ ಹುಟ್ಟಿದರು. ಹಣಮಂತನಿಗೆ ಸರಕಾರ ಕೊಟ್ಟ ಹುಡುಗ ವಕೀಲನಿಗೆ ಅವನ ಹೆಸರು ಕೂಡ ನೆನಪಿರಲಿಲ್ಲ. ಮಗ ಮನೆಗೆ ಬಂದ. ಆಳಿಗೆ ಗಲ್ಲಿನ ಶಿಕ್ಷೆಯಾಯಿತು.

ಕನ್ನಡ ಸಾಲಿಯ ಮಾಸ್ತರ ಗುರುಪಾದಯ್ಯ ನಿನ್ನೆಯಷ್ಟೇ ಪಡಸಾಲೆಗೆ ಬಂದು ಕೂತು, ಗಲ್ಲಿಗೆ ಇನ್ನೂ ಮುಂಬೈ ಕೋರ್ಟಿನ ಒಪ್ಪಿಗೆ ಬೇಕೆಂದು ಬಿಡಿಸಿ ಹೇಳಿದ್ದರು.

"ನೋಡಿದವ್ರು ಒಬ್ಬರು ವಿಜಾಪುರಕ್ಕ ಹೋಗಿ ಜಡ್ಜಿನ ಮುಂದ ಖರೆ ಹೇಳಿದ್ರ ಅವ ಉಳೀತಾನ, ಗೌಡ್ರ. ಕೊಡಲಿ ಹಿಡದ ಕೈ ನಿಮ್ಮನ್ಯಾಗ ಐತಿ. ಹಗ್ಗ ಕೇರಿಗೆ ಯಾಕ ಕಳಸ್ತೀರಿ?"

"ಅವ ಉಂಡಾನ್ರಿ ಮಾಸ್ತರ. ಯಾರೂ ಬಾಯಾಗ ತುರುಕಿಲ್ಲ."

"ನಿಮ್ಮ ಮಗ ಉಣ್ಣಲಿ ಅದರಾಗ."

ಗೌಡ ಮೀಸೆಯಲ್ಲಿ ನಕ್ಕ. "ನಮ್ಮ ಗಂಗಾಳ ಅದು. ನಾವು ದಿನಾ ಉಂಡ್ರೂ ನಮಗ ಹತ್ತಂಗಿಲ್ಲ."

ಬಾಗಿಲ ಹಿಂದೆ ನಿಂತು ಗುರುಸಿದ್ದವ್ವ ಅಷ್ಟನ್ನೂ ಕೇಳಿಸಿಕೊಂಡಿದ್ದಳು.

ಈಗ ಹಣಮಂತನ ಹೆಂಡತಿ ಮಾಳವ್ವನ ಸರದಿ. ಆಕೆ ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ಗೌಡರ ಮಗನ ಹೆಸರು ಹಿಡಿದು ಅಳುತ್ತಿದ್ದಳು. ಉಂಡರೆ ಬಾಯಿ ಕಟ್ಟುತ್ತದೆ ಎಂಬುದು ಶಂಕ್ರೆವ್ವನ ಲೆಕ್ಕ.

ಮಾಳವ್ವ ಬಂದಳು. ಹೊಸ್ತಿಲ ಹೊರಗೇ ನಿಂತಳು. ಶಂಕ್ರೆವ್ವ ಗಂಗಾಳವನ್ನು ಹೊಸ್ತಿಲ ಮೇಲಿಟ್ಟಳು. "ಒಳಗ ಬಾ ಬೇ, ಉಣ್ಣು. ನಿನ್ನ ಮಕ್ಕಳು ಇನ್ನ ನಮ್ಮ ಮನಿ ಮಕ್ಕಳು."

ಮಾಳವ್ವ ತುಪ್ಪ ಇಳಿಯುತ್ತಿದ್ದ ರೊಟ್ಟಿಯನ್ನು ನೋಡಿದಳು.

"ನನ್ನ ಗಂಡ ಇದರಾಗ ಉಂಡಾನಲ್ಲ ಎವ್ವಾ. ಎಷ್ಟ ತಿಕ್ಕಿ ತೊಳದ್ರಿ ಇದನ್ನ?"

ಹಾಗೆಂದು ಕಾಲಿನಿಂದ ಗಂಗಾಳವನ್ನು ಒಳಕ್ಕೆ ನೂಕಿದಳು.

ಬಸಗೊಂಡಪ್ಪ ಪಡಸಾಲೆಯಿಂದ ಹಾರಿಬಂದ. ಆಕೆಯ ಕೂದಲು ಹಿಡಿದು ಮೋರೆಯನ್ನು ಬಾಗಿಲ ಚೌಕಟ್ಟಿಗೆ ಜಜ್ಜಿದ, ಮತ್ತೆ ಜಜ್ಜಿದ. ಮೂಗು ಒಡೆದು ರಕ್ತ ಹೊಸ್ತಿಲ ಅರಿಸಿನದ ಮೇಲೆ ಸುರಿಯಿತು. ಬಿದ್ದವಳ ಪಕ್ಕೆಗೆ ಒದ್ದ. ಎಲುಬು ಮುರಿದ ಸದ್ದು ಒಲೆಯ ಮುಂದೆ ಕೂತ ಗುರುಸಿದ್ದವ್ವನಿಗೂ ಕೇಳಿಸಿತು. ಮಾಳವ್ವ ಒಂದು ಸಲವೂ ಬೇಡ ಎನ್ನಲಿಲ್ಲ. ಬಾಯೊಳಗೆ ಮುರಿದ ಹಲ್ಲನ್ನು ಅಂಗಳದಲ್ಲಿ ಉಗಿದು, ಗೋಡೆ ಹಿಡಿದು ಎದ್ದು ಹೋದಳು.

ಬಸಗೊಂಡಪ್ಪ ಕೈ ತೊಳೆದುಕೊಂಡು, ಊಟಕ್ಕೆ ಮೊಸರೈತೇನು ಎಂದು ಕೇಳಿದ.

ಗುರುಸಿದ್ದವ್ವ ಮೊಸರು ಬಡಿಸಿದಳು. ಹೊಸ್ತಿಲು ತೊಳೆದಳು. ರೊಟ್ಟಿಯನ್ನು ನಾಯಿಗೆ ಹಾಕು ಎಂದು ಅತ್ತೆ ಹೇಳಿದ್ದಳು. ಗಂಗಾಳವನ್ನು ಅಡುಗೆಮನೆಗೆ ಒಯ್ದು, ಬೆನ್ನು ಬಾಗಿಲಿಗೆ ಮಾಡಿ ಕೂತು, ಅವಳು ಆ ರೊಟ್ಟಿಯ ಅಂಚು ಮುರಿದಳು. ತಣ್ಣಗಾಗಿ ಬಿರುಸಾಗಿತ್ತು. ನಿಧಾನವಾಗಿ ಅಗಿದು ನುಂಗಿದಳು. ಇನ್ನೊಂದು ತುತ್ತು ಮುರಿದಳು. ರೊಟ್ಟಿ ಮುಗಿಯುವವರೆಗೆ ಏಳಲಿಲ್ಲ.

ಸಂಜೆ, ಬಬಲೇಶ್ವರದ ತವರಿಗೆ ಹೋಗಿ ಬರುತ್ತೇನೆ ಎಂದಳು. ಕಣ್ಣಿಗೆ ಬೇರೆ ಏನಾದರೂ ಕಾಣಲಿ, ಹೋಗಲಿ ಬಿಡು ಎಂದು ಮಾವನೂ ಒಪ್ಪಿದ. ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವವರು ವಿಜಾಪುರದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಮರುದಿನ ಮುಂಜಾನೆ ಇದ್ದಿಲಿನಿಂದ ಓಡುವ ಬಸ್ಸು ಹೊಗೆ ಉಗುಳುತ್ತ ಬಂದು ನಿಂತಾಗ ಶಂಕ್ರೆವ್ವ ಬುತ್ತಿಯ ಗಂಟು ಕೈಗಿಟ್ಟಳು.

"ವಿಜಾಪುರದಾಗ ಬಬಲೇಶ್ವರದ ಗಾಡಿ ಎಷ್ಟೊತ್ತಿಗೆ ಸಿಗ್ತೈತವಾ?"

"ಸಂಜೀಕ್ರಿ, ಅತ್ತಿ."

ಜಡ್ಜಿನ ಕೋರ್ಟು ಇದ್ದ ಆ ಊರಿನಲ್ಲಿ ಅಲ್ಲಿಯವರೆಗೆ ಅವಳು ಎಲ್ಲಿರುತ್ತಾಳೆಂದು ಶಂಕ್ರೆವ್ವ ಕೇಳಲಿಲ್ಲ. ಗುರುಸಿದ್ದವ್ವ ಹೇಳಲೂ ಇಲ್ಲ.