ಖಂಡೇನವಮಿಗೆ ಕೂತ ಹಾರ್ಡ್ ಡಿಸ್ಕ್

ನಾನು ಮಡಿಯಲ್ಲಿ ಹುಟ್ಟಿದವನು. ನನ್ನನ್ನು ಮಾಡಿದ ಕಾರ್ಖಾನೆಯೊಳಗೆ ಧೂಳಿನ ಒಂದು ಕಣಕ್ಕೂ ಅಪ್ಪಣೆಯಿರಲಿಲ್ಲ. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟವರು ಕನ್ನಡಿಯಂತೆ ಹೊಳೆಯುವ ತಟ್ಟೆಗಳನ್ನು ನನ್ನ ಹೊಟ್ಟೆಯಲ್ಲಿಟ್ಟರು, ಅವುಗಳನ್ನು ಮುಟ್ಟದೆ ಮೇಲೆಯೇ ಸುಳಿದಾಡುವ ಒಂದು ಸಣ್ಣ ಸೂಜಿಯನ್ನು ಕೂರಿಸಿದರು, ಮುಚ್ಚಳ ಬಿಗಿದರು. ನೋಡಲು ನಾನು ಅಂಗೈಯಗಲದ ಕರಿ ಪೆಟ್ಟಿಗೆ. ಒಂದು ವಯರು, ಒಂದು ನೀಲಿ ದೀಪ, ಅಷ್ಟೇ. ಕಂಪ್ಯೂಟರಿನಲ್ಲಿ ಇರುವುದರ ಇನ್ನೊಂದು ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ನನ್ನ ಕಸುಬು. ಜನ ಅದಕ್ಕೆ ಬ್ಯಾಕಪ್ ಎನ್ನುತ್ತಾರೆ.

ನನ್ನನ್ನು ಮೊದಲು ಕೊಂಡವನು ಹುಬ್ಬಳ್ಳಿಯ ಒಬ್ಬ ಫೋಟೊಗ್ರಾಫರ್. ಅವನ ಕೈಯಲ್ಲಿ ಎಷ್ಟೋ ಮದುವೆಗಳನ್ನು ಹೊತ್ತೆ, ಒಂದು ಪಂಕ್ತಿಯ ಊಟವನ್ನೂ ಕಾಣಲಿಲ್ಲ. ದೊಡ್ಡ ಡಿಸ್ಕ್ ಬಂದ ದಿನ ಅವನು ನನ್ನನ್ನು ಬರಿದು ಮಾಡಿ, ಧಾರವಾಡದ ತನ್ನ ಗೆಳೆಯ ಬಸಲಿಂಗ ಮಾಸ್ತರರಿಗೆ ಕೊಟ್ಟುಬಿಟ್ಟ. ಹಾಗೆ ನಾನು ದಾಕ್ಷಾಯಣಿಯ ಮನೆ ಸೇರಿದೆ.

ದಾಕ್ಷಾಯಣಿ ಮಾಸ್ತರರ ಹೆಂಡತಿ. ಅವಳ ಕೈಯಲ್ಲಿ ಕಸೂತಿ ಇತ್ತು. ಓಣಿ ಓಣಿ ತಿರುಗಿ, ಮುದುಕಿಯರ ಟ್ರಂಕಿನೊಳಗಿನ ಹಳೆಯ ಇಳಕಲ್ಲ ಸೀರೆಗಳನ್ನು ಬಿಡಿಸಿ ನೋಡಿ, ಅವುಗಳ ಮೇಲಿನ ಆನೆ, ನವಿಲು, ತೊಟ್ಟಿಲು, ತುಳಸಿಕಟ್ಟೆಗಳನ್ನು ಎಳೆ ಎಣಿಸಿ ಕಂಪ್ಯೂಟರಿನ ಚೌಕುಳಿಯೊಳಗೆ ಇಳಿಸುತ್ತಿದ್ದಳು. ಅವಳ ಹತ್ತಿರ ಕಲಿಯುವ ಹೆಂಗಸರು ಆ ಚಿತ್ರ ನೋಡಿಯೇ ಸೂಜಿ ಹಿಡಿಯುತ್ತಿದ್ದರು. ಒಂದೊಂದು ಸೀರೆ ಹಿಂತಿರುಗಿ ಹೋದ ಮೇಲೆ ಹರಿದು ಕೌದಿಗೆ ಸೇರಿತು. ಒಂದೊಂದು ಉಟ್ಟವಳ ಜೊತೆಗೇ ಮಣ್ಣಿಗೆ ಹೋಯಿತು. ಆಮೇಲೆ ಆ ಆನೆಗೆ ಲೋಕದಲ್ಲಿ ನಿಲ್ಲಲು ಉಳಿದ ಜಾಗ ಎರಡೇ: ಕಂಪ್ಯೂಟರು ಮತ್ತು ನಾನು.

ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ದಾಕ್ಷಾಯಣಿಯ ಮಾವನವರು ಶರಣರ ಪುರಾಣದ ಷಟ್ಪದಿಗಳನ್ನು ಬಾಯಿಪಾಠವಾಗಿ, ರಾಗವೆಳೆದು ಹೇಳುವರು. ನಡುವೆ ಎಲ್ಲಿಯಾದರೂ ಸಾಲು ತಪ್ಪಿ ನಿಂತರೆ, ಅಡುಗೆಮನೆಯಿಂದ ಅತ್ತೆ ನೀಲವ್ವ ರೊಟ್ಟಿ ಬಡಿಯುವ ತಾಳದಲ್ಲೇ ಆ ಸಾಲನ್ನು ಎತ್ತಿಕೊಡುವಳು. ಅವಳಿಗೆ ಅಕ್ಷರ ಬಾರದು; ಕೇಳಿ ಕೇಳಿ ಒಳಗೆ ಕೂತದ್ದು. ನಾನು ಮೇಜಿನ ಮೇಲಿಂದ ಕೇಳುತ್ತ ಅಂದುಕೊಳ್ಳುತ್ತಿದ್ದೆ: ನನ್ನ ಕಸುಬು ಈ ಮನೆಗೆ ಹೊಸದಲ್ಲ.

ಕಂಪ್ಯೂಟರಿಗೆ ರೋಗ ಬರದಂತೆ ಆ್ಯಂಟಿವೈರಸ್ ಎಂಬ ಕಾವಲುಗಾರ ಬೇಕು. ಮಾಸ್ತರರು ಒಂದಲ್ಲ, ಎರಡು ಹಾಕಿದರು. ಅವೆರಡೂ ಕಳ್ಳನನ್ನು ಹುಡುಕುವುದು ಬಿಟ್ಟು ಒಂದರ ಕಿಸೆ ಒಂದು ತಡಕುತ್ತ ಕೂತವು. ಕಂಪ್ಯೂಟರು ಏದುಸಿರು ಬಿಡತೊಡಗಿತು.

“ಏನ್ರಿ, ಒಂದು ಆನಿ ತಗಿಯೂದ್ರಾಗ ಚಾ ಮಾಡಿ ಕುಡದು ಬರಬಹುದು,” ಎಂದಳು ದಾಕ್ಷಾಯಣಿ. “ಸೊಂಡಿಲು ಈಗ ಬರತೈತಿ, ಬಾಲ ಸಂಜೀಕ.”

“ಒಂದಕ್ಕ ಎರಡಿದ್ರ ಛಲೋ ಅಲ್ಲೇನ?”

ಒಳಗಿನಿಂದ ನೀಲವ್ವ ಅಂದಳು: “ಒಂದ ಬಾಗಲಕ್ಕ ಎರಡು ನಾಯಿ ಕಟ್ಟಿದ್ರ ತಾವ ಕಚ್ಚಾಡತಾವೋ ತಮ್ಮಾ. ಕಳ್ಳ ನಡುವ ಹಾಯ್ದು ಒಳಗ ಬರತಾನ.”

ಮಾಸ್ತರರು ಒಂದನ್ನು ತೆಗೆದರು. ಉಳಿದದ್ದರ ಅವಧಿ ಕೆಲವು ತಿಂಗಳಿಗೆ ಮುಗಿಯಿತು. ಆಮೇಲೆ ದಿನವೂ ಪರದೆಯ ಮೂಲೆಯಲ್ಲಿ ಹಳದಿ ಚೀಟಿ ಏಳುತ್ತಿತ್ತು. ಮಾಸ್ತರರು “ಇದರದು ದಿನಾ ಇದ್ದದ್ದ” ಎಂದು ಅದನ್ನು ಮುಚ್ಚುತ್ತಿದ್ದರು. ಇನ್ನೊಂದು ತಪ್ಪೂ ನಡೆದಿತ್ತು. ನನ್ನ ವಯರನ್ನು ಯಾರೂ ಎಂದೂ ಬಿಚ್ಚುತ್ತಿರಲಿಲ್ಲ. ಕಂಪ್ಯೂಟರಿಗೂ ನನಗೂ ಹಗಲಿರುಳು ಒಂದೇ ಕರುಳು. ಅದಕ್ಕೆ ಜ್ವರ ಬಂದರೆ ನನಗೂ ಬರುವುದೇ.

ಆ ವರ್ಷ ಖಂಡೇನವಮಿ ಬಂತು. ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ದೇವರ ಮುಂದಿಟ್ಟು ಪೂಜೆ ಮಾಡಿದರೆ, ಮರುದಿನ ಬನ್ನಿ ಹಬ್ಬ ಆಗುವವರೆಗೆ ಅವನ್ನು ಎತ್ತುವಂತಿಲ್ಲ. ಕತ್ತರಿ, ಸೂಜಿಯ ಡಬ್ಬಿ, ಈಳಿಗೆ ಎಲ್ಲ ಸಾಲಾಗಿ ಕೂತವು. ಕಂಪ್ಯೂಟರಿಗೆ ಮೇಜಿನ ಮೇಲೆಯೇ ಕುಂಕುಮ ಹಚ್ಚಿದ ದಾಕ್ಷಾಯಣಿ ನನ್ನ ವಯರು ಬಿಚ್ಚಿ ಎರಡೂ ಕೈಯಲ್ಲಿ ಎತ್ತಿಕೊಂಡಳು.

“ಅದನ್ಯಾಕ ತಗದಿ?” ಎಂದರು ಮಾಸ್ತರರು.

“ನನ್ನ ಆನಿ ನವಿಲು ಹೊತ್ತಿದ್ದಲ್ರಿ ಇದು. ಇದೂ ದೇವರ ಮುಂದ ಕೂಡ್ರಲಿ.”

ನಾನು ಕತ್ತರಿಯ ಮಗ್ಗುಲಲ್ಲಿ, ಚೆಂಡುಹೂವಿನ ಕೆಳಗೆ ಕೂತೆ. ಹುಟ್ಟಿದ ಮೇಲೆ ಮೊದಲ ಸಲ ಅಷ್ಟು ಮಡಿಯಾದ ಜಾಗ ಸಿಕ್ಕಿತ್ತು.

ಹೋಳಿಗೆ ಊಟವಾಗಿತ್ತು. ಮಾಸ್ತರರು ಸುಮ್ಮನಿರಲಾರದೆ ಕಂಪ್ಯೂಟರಿನ ಮುಂದೆ ಕೂತರು. ಹಬ್ಬದ ಕೊಡುಗೆ, ಒಂದು ವರ್ಷ ಆ್ಯಂಟಿವೈರಸ್ ಪುಕ್ಕಟೆ ಎಂದು ಯಾರೋ ಇಮೇಲ್ ಕಳಿಸಿದ್ದರು.

“ಇವತ್ತ ಅದಕ್ಕ ಕೈ ಹಚ್ಚಬಾರದೋ,” ಎಂದಳು ನೀಲವ್ವ.

“ಯವ್ವಾ, ನಾ ಕೆಲಸ ಎಲ್ಲಿ ಮಾಡಾಕತ್ತೀನಿ? ಕಾವಲು ಇಡಾಕತ್ತೀನಿ.”

ಇಮೇಲಿನೊಳಗಿನ ಕೊಂಡಿಯನ್ನು ಒತ್ತಿದರು. ಕಾವಲುಗಾರನ ವೇಷದಲ್ಲಿ ಕಳ್ಳನೇ ಒಳಗೆ ಬಂದ. ಸ್ವಲ್ಪ ಹೊತ್ತಿನಲ್ಲಿ ಚಿತ್ರಗಳ ಹೆಸರೆಲ್ಲ ಕಲಸಿಹೋದವು. ಆನೆ ತೆರೆಯಲಿಲ್ಲ, ನವಿಲು ತೆರೆಯಲಿಲ್ಲ. ಪರದೆ ಕೆಂಪಾಗಿ, ಎಲ್ಲಕ್ಕೂ ಬೀಗ ಹಾಕಿದ್ದೇವೆ, ಹಣ ಕಳಿಸಿದರೆ ಕೀಲಿ ಕೊಡುತ್ತೇವೆ ಎಂಬ ಬರಹ ಮೂಡಿತು.

ಮಾಸ್ತರರು ಬಡಬಡ ದೇವರಮನೆಗೆ ಬಂದು ನನ್ನತ್ತ ಕೈ ಚಾಚಿದರು. “ಅದನ್ನ ಕೊಡು. ಅದರಾಗ ಅದಾವೋ ಇಲ್ಲೋ ಹಚ್ಚಿ ನೋಡೂಣು.”

ಆಗ ನನ್ನನ್ನು ಕಂಪ್ಯೂಟರಿಗೆ ಹಚ್ಚಿದ್ದರೆ, ಆ ಕೆಂಪು ಬೀಗ ವಯರಿನ ಗುಂಟ ಬಂದು ನನ್ನ ಹೊಟ್ಟೆಗೂ ಬೀಳುತ್ತಿತ್ತು. ಕೂಗಿ ಹೇಳಲು ನನಗೆ ಬಾಯಿಲ್ಲ.

ದಾಕ್ಷಾಯಣಿ ಅಡ್ಡ ನಿಂತಳು. “ಮುಟ್ಟಬ್ಯಾಡ್ರಿ. ಬನ್ನಿ ಆಗೂತನಕಾ ಎತ್ತಂಗಿಲ್ಲ.”

“ದಾಕ್ಷಾ, ನಿನ್ನ ಇಷ್ಟು ವರ್ಷದ ಕೆಲಸ ಹೊಂಟೈತಿ. ನೀ ಶಾಸ್ತ್ರ ಹಿಡಕೊಂಡು ನಿಂತೀಯಲ್ಲ!”

“ಶಾಸ್ತ್ರ ಬಿಡ್ರಿ. ಗಡಿಗ್ಯಾಗ ಹಾಲು ಒಡದೈತಿ. ಉಳದ ಹಾಲು ಅದಕ್ಕ ಸುರುವಿ, ಇದೂ ಒಡೀತೈತೇನು ಅಂತ ನೋಡ್ತೀರೇನು? ಮೊದಲ ಗಡಿಗಿ ತೊಳಸ್ರಿ.”

ಅವಳ ದನಿ ಏರಲಿಲ್ಲ. ಆದರೆ ಸೆರಗಿನ ತುದಿಯನ್ನು ಹಿಂಡುತ್ತಿದ್ದ ಅವಳ ಕೈ ನನಗೆ ಕೆಳಗಿನಿಂದ ಕಾಣುತ್ತಿತ್ತು. ಮಾಸ್ತರರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಹೋಗಿ ಇಂಟರ್ನೆಟ್ಟಿನ ವಯರು ಕಿತ್ತು, ಕಂಪ್ಯೂಟರು ಆರಿಸಿ, ಅದರ ಮುಂದೆಯೇ ತಲೆಯ ಮೇಲೆ ಕೈ ಹೊತ್ತು ಕೂತರು.

ಮರುದಿನ ರಿಪೇರಿಯ ಖಾಜಾಸಾಬ ಬಂದ. ನಡೆದದ್ದನ್ನು ಕೇಳಿ ನನ್ನ ಕಡೆ ಒಮ್ಮೆ, ದಾಕ್ಷಾಯಣಿಯ ಕಡೆ ಒಮ್ಮೆ ನೋಡಿದ. “ಅಕ್ಕಾರ, ನಿನ್ನಿ ಇದನ್ನ ಹಚ್ಚಿದ್ರ ಇದೂ ಕೈ ಬಿಡತಿತ್ತು.” ಕಂಪ್ಯೂಟರನ್ನು ಪೂರಾ ಅಳಿಸಿ ಹೊಸದಾಗಿ ಕಟ್ಟಿದ.

“ಆ್ಯಂಟಿವೈರಸ್ ಪುಕ್ಕಟೆದ್ದು ನಡೀತೈತೋ, ರೊಕ್ಕದ್ದ ಬೇಕೋ?” ಎಂದು ಮಾಸ್ತರರು ಮೆಲ್ಲಗೆ ಕೇಳಿದರು.

“ಯಾವುದಾರ ಇರ್ಲಿ ಸರ್, ಒಂದ ಇರ್ಲಿ. ಅದನ್ನ ಮಾಡಿದವ್ರ ಮನಿಯಿಂದನ ತಗೋರಿ. ಹಾದ್ಯಾಗ ಕರದು ಕೊಡವ್ರ ಕಡೆ ತಗೋಬ್ಯಾಡ್ರಿ. ಮತ್ತ ಅದು ದಿನಾ ಹೊಸಾದಾಗ್ತಿರಬೇಕು. ಹಳೇ ಕಾವಲುಗಾರಗ ಹೊಸಾ ಕಳ್ಳನ ಗುರುತು ಹತ್ತಂಗಿಲ್ಲ.”

ಸಂಜೆ ಬನ್ನಿ ಮುಡಿದು ಎಲ್ಲರೂ ಮನೆಗೆ ಬಂದರು. ದಾಕ್ಷಾಯಣಿ ಕೈಮುಗಿದು ನನ್ನನ್ನು ಎತ್ತಿದಳು. ವಯರು ಕೂಡಿತು. ನೀಲಿ ದೀಪ ಹತ್ತಿತು. ಹೊಸ ಕಾವಲುಗಾರ ನನ್ನ ಹೊಟ್ಟೆಯ ಮೂಲೆ ಮೂಲೆ ತಡಕಿ, ರೋಗವಿಲ್ಲವೆಂದು ದಾರಿ ಬಿಟ್ಟ. ಮೊದಲು ಆನೆ ಬಂತು: ಸೊಂಡಿಲು, ಅಂಬಾರಿ, ಬಾಲ. ಅವಳು ಅಷ್ಟಕ್ಕೇ ನಂಬಲಿಲ್ಲ. ನವಿಲು ತೆರೆದಳು, ತೊಟ್ಟಿಲು ತೆರೆದಳು, ಒಂದೂ ಬಿಡದೆ ತೆರೆದಳು. ಕಡೆಗೆ “ಅದಾವ” ಎಂದಳು. ಅಷ್ಟೇ ಮಾತು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ನೀಲವ್ವ ಬಂದು ನನ್ನ ಮೇಲೊಂದು ಬನ್ನಿ ಎಲೆ ಇಟ್ಟಳು: “ಬನ್ನಿ ತಗೊಂಡು ಬಂಗಾರದಂಗಿರಪಾ.”

ಅಂದಿನಿಂದ ಮನೆಯಲ್ಲಿ ಒಂದು ಹೊಸ ನೇಮ ಹುಟ್ಟಿತು. ಶುಕ್ರವಾರ ದೀಪ ಹಚ್ಚುವ ಮೊದಲು ದಾಕ್ಷಾಯಣಿ ನನ್ನನ್ನು ಹಚ್ಚುವಳು, ಹೊಸ ಚಿತ್ರಗಳನ್ನು ತುಂಬುವಳು, ಮತ್ತೆ ಬಿಚ್ಚಿ ದೇವರ ಗೂಡಿನಲ್ಲಿ ಇಡುವಳು. ಇನ್ನೊಂದು ಪ್ರತಿ ಗದಗಿನ ಅವಳ ಅಕ್ಕನ ಮನೆಗೆ ಹೋಯಿತು. ವರ್ಷಗಳು ಕಳೆದವು. ನಾನು ಒಂದು ನವಿಲಿನ ಗರಿಯನ್ನೂ ಕಳೆಯಲಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ.

ಕಡೆಗೆ ನನ್ನ ಸೂಜಿಯೂ ಮುದಿಯಾಯಿತು. ಒಳಗೆ ಟಕ್ ಟಕ್ ಎನ್ನತೊಡಗಿತು. ದಾಕ್ಷಾಯಣಿ ಕಿವಿಗೊಟ್ಟು ಕೇಳಿದವಳೇ ಅಂದೇ ಎಲ್ಲವನ್ನೂ ಒಂದು ಹೊಸ ಡಿಸ್ಕಿಗೆ ಇಳಿಸಿದಳು. ನನ್ನನ್ನು ಗುಜರಿಗೆ ಕೊಡಲಿಲ್ಲ. ಮೊಂಡಾದ ಕತ್ತರಿಯ ಜೊತೆ ಗೂಡಿನಲ್ಲಿದ್ದೇನೆ. ಖಂಡೇನವಮಿಗೆ ಈಗಲೂ ಕುಂಕುಮ ಬರುತ್ತದೆ. ಹೊತ್ತದ್ದನ್ನು ಇನ್ನೊಬ್ಬನಿಗೆ ದಾಟಿಸಿದ ಮೇಲೆ ಬರಿದಾಗಿರುವುದು ನಷ್ಟವಲ್ಲ.

ಹೋದ ವರ್ಷ ನೀಲವ್ವ ಲಿಂಗೈಕ್ಯಳಾದಳು. ಬಹಳ ದಿನ ಮಾವನವರು ಪುರಾಣ ಹೇಳಲಿಲ್ಲ. ಒಂದು ಸಂಜೆ, ದೀಪ ಹಚ್ಚಿದ ಮೇಲೆ, ತಾವಾಗಿಯೇ ಶುರುಮಾಡಿದರು. ಎಂದಿನ ಜಾಗದಲ್ಲೇ ಸಾಲು ತಪ್ಪಿ ನಿಂತರು. ಅಡುಗೆಮನೆಯ ಕಡೆ ಮುಖ ತಿರುಗಿಸಿದರು. ಅಲ್ಲಿ ರೊಟ್ಟಿಯ ಸಪ್ಪಳವಿರಲಿಲ್ಲ. ಆ ಸಾಲು ನನಗೆ ಗೊತ್ತಿತ್ತು. ಬಾಯಿ ಎಲ್ಲಿಂದ ತರಲಿ?

ಕಿಟಕಿಯ ಹತ್ತಿರ ಕಸೂತಿ ಹಾಕುತ್ತಿದ್ದ ದಾಕ್ಷಾಯಣಿ, ಸೂಜಿಯಿಂದ ಕಣ್ಣೆತ್ತದೆ, ನೀಲವ್ವನ ರಾಗದಲ್ಲೇ ಆ ಸಾಲನ್ನು ಎತ್ತಿಕೊಟ್ಟಳು. ಮಾವನವರು ಮುಂದಿನ ಪದಕ್ಕೆ ಹೋದರು.