ಹಿಮ್ಮಡಿಯಡಿಯ ಹೊಯಿಗೆ

ಮುಂಡಪ್ಪಣ್ಣ ಬರುವ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಮೆಟ್ಟಿಲುಗಳನ್ನು ಅವರು ಬರಿಗಾಲಿನಲ್ಲಿ, ಮಲಗಿದ ಮಗುವಿನ ಪಕ್ಕ ಹಾದುಹೋಗುವವರಂತೆ ಹತ್ತಿ ಬಂದು, ಬಾಗಿಲಲ್ಲಿ ನಿಂತು, "ಎಂತ ಮಾಸ್ಟ್ರೆ, ಚಾ ಆಯ್ತಾ?" ಎಂದಾಗಲೇ ನಾನು ಬೆಚ್ಚಿ ತಲೆಯೆತ್ತುತ್ತಿದ್ದೆ. ಚಪ್ಪಲಿಯೆಂಬುದು ಅವರ ಪಾಲಿಗೆ ಲೋಕಲ್ ಟ್ರೇನಿನ ಮರ್ಯಾದೆಗಾಗಿ ಧರಿಸುವ ವಸ್ತು. ಸ್ಟೇಷನ್ನಿನಿಂದ ಮರಳಿ ಗೇಟು ದಾಟಿದೊಡನೆ ಅದು ಕಾಲಿನಿಂದ ಕಂಕುಳಿಗೆ ಏರುತ್ತಿತ್ತು.

ಠಾಣೆ ನಗರದ ನೌಪಾಡಾದ ಹೋಟೆಲೊಂದರ ಗಲ್ಲಾದಲ್ಲಿ ಆಯುಷ್ಯ ಸವೆಸಿದವರು ಅವರು. ಬೆಳಗ್ಗೆ ಅಡುಗೆಮನೆಯಿಂದ ಹೊರಬಾಗಿಲಿನವರೆಗೆ ಬರಿಗಾಲಿನಲ್ಲಿ ಸುತ್ತಿ, ನೆಲದಲ್ಲಿ ಎಣ್ಣೆಯ ಜಿಡ್ಡು ಉಳಿದಿದೆಯೇ ಎಂಬುದನ್ನು ಅಂಗಾಲಿನಿಂದಲೇ ತೀರ್ಮಾನಿಸುತ್ತಿದ್ದರಂತೆ. ಈ ಸೂಕ್ಷ್ಮಸಂವೇದನೆಗೆ ಅಕ್ಷರಾಭ್ಯಾಸವಾದದ್ದು ಪಡುಬಿದ್ರಿಯ ಕಡಲ ಕರೆಯಲ್ಲಿ, ಅಂದರೆ ದಂಡೆಯಲ್ಲಿ. ಅಲ್ಲಿ ದೊಡ್ಡವರ ಸಾಲಿನಲ್ಲಿ ನಿಂತು ಮೀನಿನ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಹಿಮ್ಮಡಿಯನ್ನು ಹೊಯಿಗೆಯೆಂಬ ಆ ಮರಳಿನಲ್ಲಿ ಗಟ್ಟಿಯಾಗಿ ಊರಬೇಕು. ಹಿಂದೆ ಸರಿಯುವ ತೆರೆ ಆ ಹಿಮ್ಮಡಿಯ ಕೆಳಗಿನಿಂದಲೇ ಹೊಯಿಗೆಯನ್ನು ಸುರುಸುರು ಎಳೆದುಕೊಂಡು ಹೋಗುತ್ತದೆ. ಬಯಲುಸೀಮೆಯವನಾದ ನನಗೆ ಕಡಲೆಂದರೆ ಕ್ಯಾಲೆಂಡರಿನ ಚಿತ್ರ. ಆದರೂ ಅವರು ಇದನ್ನು ಹೇಳುವಾಗ ನನ್ನ ಕಾಲಡಿಯಲ್ಲೂ ಏನೋ ಸರಿದಂತಾಗುತ್ತಿತ್ತು. ಒಮ್ಮೆ ಆಸೆ ತಡೆಯಲಾರದೆ ಕಡಲ ನೀರು ಒಳನುಗ್ಗುವ ವಾಶಿಯ ಖಾಡಿಗೆ ಇಳಿದು, ಮೊಣಕಾಲಿನವರೆಗೆ ಕೆಸರು ಬಳಿದುಕೊಂಡು ಬಂದವರು, "ಉಪ್ಪು ಉಂಟು ಮಾಸ್ಟ್ರೆ, ಆದ್ರೆ ಕಡಲಲ್ಲ ಅದು" ಎಂದು ಮುಖ ಸಿಂಡರಿಸಿದ್ದರು.

ಸಕ್ಕರೆ ಕಾಯಿಲೆ ಕೈಹಾಕಿದ್ದು ಆ ಪಾದಗಳಿಗೇ. ಹೋದ ಬೇಸಿಗೆಯಲ್ಲಿ ಟೆರೇಸಿನಲ್ಲಿ ಹಪ್ಪಳ ಒಣಹಾಕಿ ಇಳಿದು ಬಂದವರ ಹಿಂದೆ ನೆತ್ತರಿನ ಹೆಜ್ಜೆಗಳು ಮೂಡಿದ್ದನ್ನು ಕಂಡು ಮಗಳು ಮಾನಸಿ ಚೀರಿದಳು. ಅಂಗಾಲಿಗೆ ಗಾಜಿನ ಚೂರು ಹೊಕ್ಕದ್ದು ಅವರಿಗೆ ತಿಳಿದೇ ಇರಲಿಲ್ಲ. ಠಾಣೆಯ ಪಾದದ ಡಾಕ್ಟರು ಬರಿಗಾಲ ನಡಿಗೆಯನ್ನು ನಿಷೇಧಿಸಿ, ಮನೆಯೊಳಗೂ ತೊಡಬೇಕಾದ ದಪ್ಪ ಬೂಟುಗಳನ್ನು ಬರೆದುಕೊಟ್ಟರು. ಅಂದಿನಿಂದ ಮುಂಡಪ್ಪಣ್ಣ ಬರುವುದು ಇಡೀ ಕಟ್ಟಡಕ್ಕೆ ಕೇಳತೊಡಗಿತು.

ಮಳೆ ಮುಗಿದು ಊರಿನಲ್ಲಿ ಬಲೆ ಎಳೆಯುವ ಕಾಲ ಬಂತು. ಒಂದು ಸಲ, ಒಂದೇ ಒಂದು ಸಲ, ಬರಿಗಾಲಿನಲ್ಲಿ ತೆರೆಯ ಅಂಚಿನಲ್ಲಿ ನಿಲ್ಲಬೇಕೆಂಬುದು ಅವರ ಹಟ. ಡಾಕ್ಟರು ಒಪ್ಪಿದರೆ ಮಾತ್ರ ಟಿಕೆಟ್ ಎಂಬುದು ಮಾನಸಿಯ ಹಟ.

ಡಾಕ್ಟರ ಭೇಟಿಯ ಹಿಂದಿನ ಸಂಜೆ ನಾನು ಹೋದಾಗ, ಹೆಣ್ಣು ನೋಡಲು ಬರುವವರಿಗಾಗಿ ಮಗಳನ್ನು ಅಣಿಗೊಳಿಸುವ ತಾಯಿಯಂತೆ ಅವರು ತಮ್ಮ ಪಾದಗಳನ್ನು ಸಿಂಗರಿಸುತ್ತಿದ್ದರು. ಉಗುರು ಒಪ್ಪವಾಗಿತ್ತು, ಬೆರಳ ಸಂದುಗಳು ಒಣಗಿದ್ದವು, ಹಿಮ್ಮಡಿ ತೆಂಗಿನೆಣ್ಣೆಯಲ್ಲಿ ಮಿರುಗುತ್ತಿತ್ತು. ಕ್ಯಾಲೆಂಡರ್ ತೂಗುಹಾಕಿದ್ದ ಗಾಳದ ನೈಲಾನ್ ದಾರದ ಒಂದು ತುಂಡನ್ನು ಕತ್ತರಿಸಿ ನನ್ನ ಕೈಗಿತ್ತರು.

"ಅಲ್ಲಿ ಕಣ್ಣು ಮುಚ್ಚಿಸಿ ಇಂಥದ್ದೇ ನೂಲಿನಲ್ಲಿ ಮುಟ್ತಾರೆ, ಮಾಸ್ಟ್ರೆ. ಎಲ್ಲಿ ಮುಟ್ಟಿದ್ದು ಅಂತ ಹೇಳ್ಬೇಕು. ಹೋದ ಸಲ ಫೇಲಾದೆ. ಸ್ವಲ್ಪ ಪ್ರಾಕ್ಟೀಸ್ ಮಾಡಿಸಿ ಮಾರಾಯ್ರೆ."

ಎಷ್ಟೋ ಮಕ್ಕಳನ್ನು ಪರೀಕ್ಷೆಗೆ ಕೂರಿಸಿದವನು ನಾನು; ಇಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ. ಹೆಬ್ಬೆರಳಿಗೆ ಮುಟ್ಟಿಸಿದೆ. ಕಣ್ಣು ಮುಚ್ಚಿದ ಮುಖದಲ್ಲಿ ಕಾತರವಿತ್ತು, ಉತ್ತರವಿರಲಿಲ್ಲ. ಅಂಗಾಲಿಗೆ ಮುಟ್ಟಿಸಿದೆ. ಇಲ್ಲ. ದಾರ ಬಾಗುವಷ್ಟು ಒತ್ತಿದೆ. ಇಲ್ಲ. ಅಷ್ಟರಲ್ಲಿ ಮಾನಸಿ ಚಹಾ ತಂದಳು. ನಾನು ದಾರವನ್ನು ಬದಿಗಿಟ್ಟು ಕಪ್ಪಿಗೆ ಕೈಚಾಚಿದೆ.

"ಹಾಂ!" ಎಂದರು ಮುಂಡಪ್ಪಣ್ಣ. ಮುಖವೆಲ್ಲ ಅರಳಿತ್ತು. "ಹಿಮ್ಮಡಿ! ಈಗ ಗೊತ್ತಾಯ್ತು ನೋಡಿ. ಸುರ್ರಂತ ಜಾರಿತು."

ಕಣ್ಣು ತೆರೆದವರು ನನ್ನ ಕೈಯಲ್ಲಿ ಕಪ್ಪನ್ನು ಕಂಡರು.

"ನಾ ಮುಟ್ಟೇ ಇಲ್ರೀ ಮುಂಡಪ್ಪಣ್ಣ," ಎಂದೆ. ಸುಳ್ಳು ಹೇಳಬಹುದಿತ್ತು, ನಾಲಗೆ ಏಳಲಿಲ್ಲ.

ಅವರು ತಮ್ಮ ಪಾದವನ್ನು ಬಹಳ ಹೊತ್ತು ನೋಡಿದರು. "ಹಾಗಾದ್ರೆ ಈಗ ಜಾರಿದ್ದು ಎಂತ?" ಎಂದು ಕೇಳಿದರು.

ಮತ್ತೆ ಮಗಳತ್ತ ತಿರುಗಿ, "ನಾಳೆ ಡಾಕ್ಟ್ರಿಗೆ ಇದ್ದದ್ದು ಇದ್ದ ಹಾಗೆ ಹೇಳ್ತೇನೆ. ಊರು ಬೇಡ ಬಿಡು ಮಗಾ," ಎಂದರು. ಅಪ್ಪ ಏನು ಕೇಳಿದರೂ ಹಿಂದಿಯಲ್ಲೇ ಉತ್ತರ ಕೊಡುವ ಮಾನಸಿ ನೆಲದ ಮೇಲೆ ಕುಳಿತು, ಬೂಟುಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಪದವನ್ನು ಹುಡುಕಿ ಹುಡುಕಿ ಹೇಳಿದಳು: "ಪಪ್ಪಾ, ಹೋಗುವ. ಬೂಟ್ ಹಾಕಿ... ಹೋಗುವ. ನಾನು ಕೈ ಹಿಡಿತೇನೆ."

"ಬೂಟು ಹಾಕಿ ನಿಂತ್ರೆ ಕಡಲಿಗೆ ನನ್ನ ಗುರ್ತ ಸಿಗ್ತದಾ?" ಎಂದು ಅವರು ನಗಲು ಹೋದರು. ಕಣ್ಣು ತುಂಬಿ ನಗು ಅರ್ಧಕ್ಕೇ ನಿಂತಿತು. ಆದರೂ ಕಾಲು ಮುಂದೆ ಚಾಚಿದರು.

ಮಾರನೆಯ ಬೆಳಗ್ಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮಗಳ ಕೈಹಿಡಿದು ಅವರು ಠಾಣೆಗೆ ಹೊರಟರು. ಮೆಟ್ಟಿಲ ಮೇಲೆ ಬೂಟುಗಳು ಧಪ್ ಧಪ್ ಎನ್ನುತ್ತ ಇಳಿಯುವುದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. ಕಡಲ ಕರೆಯಿಂದ ಬಂದು ಈ ಊರುಗಳ ಟೈಲ್ಸ್ ನೆಲದ ಮೇಲೆ ಬದುಕಿಡೀ ನಿಂತ ಬಹಳ ಮಂದಿಯನ್ನು ಬಲ್ಲೆ. ಅಂಥವರ ಊರು ಮೈಯಲ್ಲೇ ಎಲ್ಲೋ ಒಂದು ಕಡೆ ಬಿಡಾರ ಹೂಡಿರುತ್ತದೆ: ಕೆಲವರಿಗೆ ನಾಲಗೆಯಲ್ಲಿ, ಕೆಲವರಿಗೆ ಮೂಗಿನಲ್ಲಿ, ಮುಂಡಪ್ಪಣ್ಣನಿಗೆ ಹಿಮ್ಮಡಿಯಲ್ಲಿ. ಅಲ್ಲಿಯ ಚರ್ಮ ಸತ್ತರೂ, ನರ ಸತ್ತರೂ, ಊರು ಮಾತ್ರ ಜಾಗ ಖಾಲಿ ಮಾಡುವುದಿಲ್ಲ.