ಒಂದೇ ಕಾದಂಬರಿ, ಇಬ್ಬರು ಹುಡುಗಿಯರು

ಓದಿದವರು, ತಿಳಿದವರು ಇರುವ ಕಡೆ ಕಥೆ ಹೇಳಲು ಹೊರಟಿದ್ದಕ್ಕೆ ಮೊದಲು ಕ್ಷಮೆ ಇರಲಿ. ಸಂಜೆ ತರಗತಿಯಲ್ಲಿ ಕಲಿತ ಅಕ್ಷರದಲ್ಲಿ ಬರೆದದ್ದು ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಹೇಳದೆ ಸುಮ್ಮನಿದ್ದರೆ ಅದೂ ಒಂದು ತಪ್ಪಾದೀತು ಅನ್ನಿಸಿದ್ದಕ್ಕೆ ಹೇಳುತ್ತಿರುವುದು.

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಮಮತಾ ಎಂಬ ಹೆಣ್ಣುಮಗಳು. ಶೇಂಗಾ ಬಿಡಿಸುವ ಕೂಲಿಗೆ ಹೋಗುವವಳು. ಗಂಡ ಕೊಟ್ರೇಶ್ ಮೆಕ್ಕೆಜೋಳದ ಚೀಲ ಎತ್ತುವ ಹಮಾಲಿ. ಮನೆಯಲ್ಲಿ ಅತ್ತೆ ಅಂಜಮ್ಮ. ಒಬ್ಬಳೇ ಮಗಳು ಅಕ್ಷಿತಾ, ಏಳನೇ ತರಗತಿ.

ಅಕ್ಷಿತಾಳಿಗೆ ಮಾತು ಉಗ್ಗುತ್ತಿತ್ತು. ಪಾಠ ಓದಲು ಎದ್ದು ನಿಂತರೆ ಮೊದಲ ಅಕ್ಷರದಲ್ಲೇ ನಾಲಿಗೆ ಸಿಕ್ಕಿಕೊಳ್ಳುವುದು. ಹಿಂದಿನ ಸಾಲಿನಿಂದ ಯಾರೋ ನೆಲಕ್ಕೆ ಕಾಲು ಬಡಿದು, "ಬೈಕು ಸ್ಟಾರ್ಟ್ ಆಗ್ತಿಲ್ಲ, ಇನ್ನೊಂದು ಕಿಕ್ ಹೊಡೀರೇ!" ಎನ್ನುವರು. ತರಗತಿಯೆಲ್ಲ ನಗುವುದು. ದೀಪಾವಳಿ ಕಳೆದ ಮೇಲೆ ಹುಡುಗಿಗೆ ವಾರಕ್ಕೆ ಮೂರು ದಿನ ಹೊಟ್ಟೆನೋವು ಶುರುವಾಯಿತು. ಶಾಲೆಯ ದಾರಿ ಹಿಡಿದರೆ ನೋವು, ಮನೆಗೆ ತಿರುಗಿದರೆ ವಾಸಿ.

"ಹೋಗಾಕೆ ಮನಸ್ಸಿಲ್ದೋಳ್ನ ಯಾಕೆ ನೂಕ್ತೀರಿ?" ಎಂದಳು ಅಂಜಮ್ಮ. "ತ್ಯಾವಣಿಗೇಲಿ ನಮ್ಮ ಕಸ್ತೂರಿಗೆ ಮೊಮ್ಮಗ ಹುಟ್ಟೈತೆ. ಸೊಸೆ ಕೆಲಸಕ್ಕೆ ಹೋಗ್ತಾಳೆ. ತೊಟ್ಟಿಲು ತೂಗಾಕೆ ಒಂದು ಜನ ಬೇಕು ಅಂತಾಳೆ. ಅಲ್ಲಿಗೆ ಕಳ್ಸು. ಕೂಸಿನ ಮುಂದೆ ಉಗ್ಗಿದ್ರೆ ಯಾರು ನಗ್ತಾರೆ?"

ಕಸ್ತೂರಮ್ಮ ಕೊಟ್ರೇಶನ ಅಕ್ಕ. ಭಾನುವಾರ ತಾನೇ ಬಂದು ಕರೆದುಕೊಂಡು ಹೋಗುವುದಾಗಿ ಫೋನು ಮಾಡಿದಳು. ಕೊಟ್ರೇಶ್ ಹೂಂ ಎಂದುಬಿಟ್ಟ. ಮಮತಾಳಿಗೆ ಇದು ಒಪ್ಪಿಗೆಯಾಗಲಿಲ್ಲ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ಅವಳು. ಮೂವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಹೋಗಿ ಅಕ್ಷರ ಕೂಡಿಸಿ ಓದಲು ಕಲಿತಿದ್ದಳು. ಮಗಳ ಓದು ಯಾರದೋ ತೊಟ್ಟಿಲ ಹಗ್ಗಕ್ಕೆ ಕಟ್ಟಿಹೋಗುತ್ತದಲ್ಲ ಎಂಬ ಸಂಕಟ. ಆದರೆ ಅತ್ತೆಗೂ ಗಂಡನಿಗೂ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಇದರ ನಡುವೆ ಅಕ್ಷಿತಾ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿಬರತೊಡಗಿದ್ದಳು. ಒಂದು ದಿನ ದಪ್ಪ ಪುಸ್ತಕವೊಂದನ್ನು ತಂದಳು.

"ಇದೇನೇ, ಇಟ್ಟಿಗೆ ಹಂಗೈತೆ?" ಎಂದಳು ಅಜ್ಜಿ.

"ಕಾ... ಕಾ... ಕಾದಂಬರಿ."

"ಕಾದಂಬರಿನಾ? ಕೇಳಿದ್ಯೇನೆ ಮಮತಾ? ಇನ್ನೂ ಜಡೆ ಹಾಕ್ಕೊಳ್ಳಾಕೆ ಬರಲ್ಲ, ಆಗ್ಲೇ ಕಾದಂಬರಿ!"

ಮಮತಾ ಪುಸ್ತಕವನ್ನು ತಿರುಗಿಸಿ ನೋಡಿದಳು. ಅವಳಿಗೂ ಅಳುಕಿತ್ತು. ಅವಳು ಕಂಡ ಕಾದಂಬರಿ ಎಂದರೆ ಚಿಕ್ಕಮ್ಮ ವಾರಪತ್ರಿಕೆಯಲ್ಲಿ ಓದುತ್ತಿದ್ದ ಧಾರಾವಾಹಿ. ಅದರಲ್ಲಿ ಪ್ರತಿ ಸಲವೂ ಯಾರಾದರೊಬ್ಬ ಹುಡುಗಿ ಮನೆ ಬಿಟ್ಟು ಯಾರ ಹಿಂದೆಯೋ ಹೋಗುತ್ತಿದ್ದಳು.

ಶನಿವಾರ ಮಧ್ಯಾಹ್ನ. ಶಾಲೆ ಬಿಟ್ಟು ಎರಡು ತಾಸಾದರೂ ಮಗಳು ಬಂದಿರಲಿಲ್ಲ. ಹಾಸಿಗೆ ಕೊಡವುತ್ತಿದ್ದ ಮಮತಾಳ ಕಾಲ ಬಳಿ ಒಂದು ಹಾಳೆ ಬಿತ್ತು. ಮಗಳ ಅಕ್ಷರ. ಮಮತಾ ಬೆರಳಿಟ್ಟು ಗಟ್ಟಿಯಾಗಿ ಓದಿದಳು. "ಅಮ್ಮ, ನಾನು ಹೊರಟೆ. ನನ್ನನ್ನು ಹುಡುಕಬೇಡ."

ಯಾರ ಸಹಾಯವೂ ಇಲ್ಲದೆ ಅವಳು ಓದಿದ ಮೊದಲ ಚೀಟಿ ಅದು. ಮುಂದಿನ ಸಾಲು ಕಣ್ಣಿಗೆ ಕಾಣಲೇ ಇಲ್ಲ.

"ನಾ ಬಡ್ಕೊಂಡೆ, ಕಾದಂಬರಿ ಅಂದ್ರೆ ಹಿಂಗೇ ಅಂತ!" ಎಂದು ಅಂಜಮ್ಮ ಬಾಗಿಲಲ್ಲೇ ಕುಸಿದು ಕೂತಳು. ಮಮತಾ ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಓಡಿದಳು. ಅಲ್ಲಿ ಮಗಳಿಲ್ಲ. ನೇರ ಗ್ರಂಥಾಲಯಕ್ಕೆ ನುಗ್ಗಿದಳು. ಪುಸ್ತಕ ಕೊಡುವ ರುದ್ರಾಣಿ ಮೇಡಂ ರಿಜಿಸ್ಟರ್ ಬರೆಯುತ್ತಿದ್ದರು.

"ಕೂತ್ಕೊಳ್ರಿ ಮಮತಕ್ಕ, ಯಾಕೆ ಹಿಂಗೆ ಏದುಸಿರು?"

"ಕೂರಾಕೆ ಬಂದಿಲ್ಲ ನಾನು! ನೀವು ಕೊಟ್ಟ ಕಾದಂಬರಿ ಓದಿ ನನ್ನ ಮಗಳು ಮನೆ ಬಿಟ್ಟು ಹೋದ್ಲು. ನೋಡ್ರಿ, ಚೀಟಿ ಬರೆದಿಟ್ಟವ್ಳೆ!"

ರುದ್ರಾಣಿ ಹಾಳೆ ನೋಡಿದರು. ನಗು ಬಂದರೂ ತಡೆದುಕೊಂಡರು. "ಈ ಮೂಲೇಲಿ ಏನ್ ಬರ್ದೈತೆ, ಓದ್ರಿ."

"ಪುಟ... ನಲವತ್ತೆರಡು."

"ಮನೆ ಬಿಟ್ಟು ಹೋಗೋ ಮಗು ಚೀಟಿಗೆ ಪುಟದ ನಂಬರ್ ಹಾಕ್ತದಾ ಅಕ್ಕ?"

ಮಮತಾ ಹಾಳೆ ಇಸಿದುಕೊಂಡು ಮತ್ತೆ ಬೆರಳಿಟ್ಟು ನೋಡಿದಳು.

"ಅದು ಕಾದಂಬರಿಯೊಳಗಿನ ಹುಡುಗಿ ಬರೆಯೋ ಚೀಟಿ. ಕುಂಟ್ತಾಳೆ ಅಂತ ಎಲ್ರೂ ಆಡ್ಕೊಳ್ತಾರೆ ಅವಳ್ನ. ಈಗ ಉಸಿರು ಹಿಡಿದು ಆ ಕಡೆ ಸ್ವಲ್ಪ ಕೇಳ್ರಿ."

ಒಳಕೋಣೆಯಿಂದ ಇಬ್ಬರು ಒಟ್ಟಿಗೆ ಓದುವ ದನಿ ಬರುತ್ತಿತ್ತು. ಒಂದು ದನಿ ಅಕ್ಷಿತಾಳದು. ಎಲ್ಲೂ ಸಿಕ್ಕಿಕೊಳ್ಳದೆ ಸರಾಗವಾಗಿ ಸಾಗುತ್ತಿತ್ತು. ಹನ್ನೆರಡು ವರ್ಷದಲ್ಲಿ ಮಗಳ ಬಾಯಿಂದ ಮಮತಾ ಅಂಥದ್ದು ಕೇಳಿರಲಿಲ್ಲ.

"ಇನ್ನೊಬ್ರ ಜೊತೆ ದನಿಗೂಡಿಸಿ ಓದಿದ್ರೆ ಉಗ್ಗೋರಲ್ಲಿ ಎಷ್ಟೋ ಜನಕ್ಕೆ ಹಿಂಗೆ ಸಲೀಸಾಗ್ತದಂತೆ," ಎಂದರು ರುದ್ರಾಣಿ. "ನಾನು ಡಾಕ್ಟರ್ ಅಲ್ಲ. ಮಾತಿನ ತೊಂದ್ರೆ ನೋಡೋರು ಬೇರೆ ಇರ್ತಾರೆ, ಅವರಿಗೂ ತೋರಿಸೋಣ. ಪುಸ್ತಕ ನಮ್ಮಲ್ಲಿರೋದು ಒಂದೇ. ಇಬ್ರೂ ಒಟ್ಟಿಗೆ ಓದಾಕೆ ಆಗಬೇಕಲ್ಲ? ಅದಕ್ಕೆ ನಿಮ್ಮ ಮಗಳು ದಿನಾ ಒಂದಷ್ಟು ಪುಟ ಹಾಳೆಗೆ ಇಳಿಸ್ಕೊಂಡು ಬರ್ತಾಳೆ."

"ಆ ಇನ್ನೊಂದು ಹುಡುಗಿ ಯಾರು?"

"ರಮ್ಯಶ್ರೀ. ಕ್ಲಾಸಲ್ಲಿ ಕಾಲು ಬಡೀತಿದ್ದೋಳು ಇವಳೇ. ಈ ಪುಸ್ತಕ ಮೊದಲು ಓದ್ದೋಳೂ ಇವಳೇ. ವಾಪಸ್ ಕೊಡಾಕೆ ಬಂದು, 'ಮೇಡಂ, ಇದ್ರಲ್ಲಿ ಕುಂಟೀನ ಅಣಕಿಸೋಳು ನನ್ನ ಹಂಗೇ ಅವ್ಳೆ' ಅಂತ ಅತ್ತಳು. ಮಾರನೇ ದಿನ ತಾನೇ ಹೋಗಿ ಅಕ್ಷಿತಾನ ಕೈ ಹಿಡಿದು ಕರ್ಕೊಂಡು ಬಂದಳು."

ಮಮತಾ ಗೋಡೆಗೆ ಒರಗಿ ಕೂತಳು. ಪುಟ ಐವತ್ತರವರೆಗೂ ಎದ್ದೇಳಲಿಲ್ಲ.

ಭಾನುವಾರ ಹತ್ತರ ಬಸ್ಸಿಗೆ ಕಸ್ತೂರಮ್ಮ ಬಂದಳು. ಅಂಜಮ್ಮ ಆಗಲೇ ಮೊಮ್ಮಗಳ ಬಟ್ಟೆ ಚೀಲಕ್ಕೆ ತುಂಬಿದ್ದಳು. ಮಮತಾ ಆ ಚೀಲವನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ಕಸ್ತೂರಕ್ಕ, ಅರ್ಧ ತಾಸು ಕೂತು ಈ ಮಕ್ಕಳು ಓದೋದು ಕೇಳ್ರಿ. ಆಮೇಲೆ ಮಾತಾಡೋಣ. ಅತ್ತೆ, ನೀವೂ ಕೂತ್ಕೊಳ್ರಿ."

ಅಕ್ಷಿತಾಳೂ, ಮಮತಾ ಕರೆಸಿದ್ದ ರಮ್ಯಶ್ರೀಯೂ ಕಟ್ಟೆಯ ಮೇಲೆ ಕೂತು ಓದಿದರು. ಕುಂಟುವ ಹುಡುಗಿ ಮನೆ ಬಿಟ್ಟು ಬಸ್ ಸ್ಟ್ಯಾಂಡಿಗೆ ಬರುತ್ತಾಳೆ. ಅಲ್ಲಿ ಸೌತೆಕಾಯಿ ಮಾರುವ ಹುಡುಗಿ ಸಿಗುತ್ತಾಳೆ. ಮಾತಿಗೆ ಮಾತು ಬೆಳೆದು ಇಬ್ಬರೂ ಗೆಳತಿಯರಾಗುತ್ತಾರೆ. ಪಕ್ಕದ ಮನೆಯವರೂ ಬಂದು ನಿಂತರು. ಒಂದು ಪುಟದ ನಡುವೆ ರಮ್ಯಶ್ರೀ ತನ್ನ ದನಿ ಮೆಲ್ಲಗೆ ನಿಲ್ಲಿಸಿದಳು. ಅಕ್ಷಿತಾ ಒಬ್ಬಳೇ ಓದುತ್ತಾ ಹೋದಳು. ಒಂದು ಸಾಲು, ಎರಡು ಸಾಲು. ಮೂರನೆಯದರಲ್ಲಿ "ಧೈ... ಧೈ..." ಎಂದು ನಿಂತಳು.

ಅವಳ ಮಾತನ್ನು ಮುಗಿಸಿಕೊಡುವುದು ಅಜ್ಜಿಯ ರೂಢಿ. ಅಂಜಮ್ಮ ಬಾಯಿ ತೆರೆದಳು.

"ಅತ್ತೆ, ಸುಮ್ನಿರ್ರಿ," ಎಂದಳು ಮಮತಾ. "ಅವಳೇ ಹೇಳ್ತಾಳೆ."

ಎಲ್ಲರೂ ಕಾದರು. ಅಕ್ಷಿತಾ ಉಸಿರೆಳೆದುಕೊಂಡಳು. "ಧೈರ್ಯ," ಎಂದಳು. ಸಾಲು ಮುಗಿಸಿದಳು. ತಲೆ ಎತ್ತಿ, ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಪ್ಪನನ್ನು ನೋಡಿದಳು.

ಕೊಟ್ರೇಶ್ ಟವೆಲಿನಿಂದ ಮುಖ ಒರೆಸಿಕೊಂಡ. "ಅಕ್ಕ, ತಪ್ಪು ತಿಳ್ಕೋಬ್ಯಾಡ. ಇವಳ್ನ ಕಳ್ಸಲ್ಲ. ನಾಳೆ ಶಾಲೆಗೆ ನಾನೇ ಬಿಟ್ಟು ಬರ್ತೀನಿ. ಮೇಷ್ಟ್ರ ಹತ್ರ ಆ ನಗೋ ಮಕ್ಕಳ ವಿಷಯಾನೂ ಮಾತಾಡ್ತೀನಿ."

"ಕಳ್ಸಬ್ಯಾಡ ಬಿಡು, ತೊಟ್ಟಿಲು ನಾನೇ ತೂಗ್ತೀನಿ," ಎಂದಳು ಕಸ್ತೂರಮ್ಮ. "ಆದ್ರೆ ಆ ಕುಂಟು ಹುಡುಗಿ ಮನೆಗೆ ಬಂದ್ಲಾ ಇಲ್ವಾ? ಅದೊಂದು ಹೇಳ್ರೇ, ಬಸ್ಸಿಗೆ ಹೊತ್ತಾಯ್ತು."

"ಹೇಳಲ್ಲ ರೀ. ಓದಿಯೇ ತಿಳ್ಕೋಬೇಕು," ಎಂದು ರಮ್ಯಶ್ರೀ ನಕ್ಕಳು.

"ನಂಗೆ ಓದಾಕೆ ಎಲ್ಲಿ ಬರ್ತದೆ, ತುಂಟಿ?"

"ಮು... ಮುಂದಿನ ವಾರ ಬಾ ಅತ್ತೆ," ಎಂದಳು ಅಕ್ಷಿತಾ. "ನಾ... ನಾನು ಓದಿ ಹೇಳ್ತೀನಿ."

ಮಮತಾ ಆ ದಿನ ನೀರು ತರಲು ಹೋದ ಕಡೆಯೆಲ್ಲ, "ನನ್ನ ಮಗಳು ಕಾದಂಬರಿ ಓದ್ತಾಳೆ" ಎಂದು ಹೇಳಿಕೊಂಡು ಬಂದಳು.

ಅಕ್ಕಂದಿರೇ, ಅಣ್ಣಂದಿರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನೀವು ಎಲ್ಲೇ ಇರಿ, ನಿಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಮಗುವನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ. ನೊಂದ ಮಕ್ಕಳು ಧೈರ್ಯ ಕಂಡುಕೊಳ್ಳುವ, ಗೆಳೆತನ ಕಂಡುಕೊಳ್ಳುವ ಮಕ್ಕಳ ಕಾದಂಬರಿ ಯಾವುದಿದೆ ಎಂದು ಕೇಳಿ. ಕಾದಂಬರಿ ಎಂಬ ಹೆಸರಿಗೇ ಹೆದರಬೇಡಿ. ಪಕ್ಕದಲ್ಲಿ ಕೂತು ಓದಿಸಿ ಕೇಳಿ. ಓದು ಬಾರದಿದ್ದರೆ ಅದಕ್ಕೂ ನಾಚಬೇಡಿ, ಕೇಳಲು ಕಿವಿ ಸಾಕು. ಮಗು ಒಂದು ಮಾತಿನಲ್ಲಿ ನಿಂತರೆ ಕಾಯಿರಿ.

ಅಕ್ಷಿತಾಳ ಉಗ್ಗು ಪೂರ್ತಿ ಹೋಗುತ್ತದೆಯೇ ಎಂದು ಕೇಳಿದರೆ, ಗೊತ್ತಿಲ್ಲ. ಅವಳಿಗೆ ಧೈರ್ಯ ಬಂದದ್ದು ಪುಸ್ತಕದಿಂದಲೋ ಗೆಳತಿಯಿಂದಲೋ, ಅದೂ ನಮಗೆ ಗೊತ್ತಿಲ್ಲ.